ಡಿಜೆ ಕಂಟ್ರೋಲರ್‌ಗೆ ಮನೆಯಲ್ಲೇ ಪೆಟ್ಟಿಗೆ: ಮೊದಲು ಫೋಮ್, ಆಮೇಲೆ ಪ್ಲೈವುಡ್

ನಾನು ಮಾಡಿದ ಮೊದಲ ಪೆಟ್ಟಿಗೆ ನೋಡೋಕೆ ಚೆನ್ನಾಗಿಯೇ ಇತ್ತು. ಒಂದೇ ತೊಂದರೆ, ಒಳಗೆ ಹೋದ ಕಂಟ್ರೋಲರ್, ಅಂದರೆ ಡಿಜೆ ಹಾಡು ನುಡಿಸಿ ಬೆರೆಸುವ ಯಂತ್ರ, ಹೊರಗೆ ಬರಲಿಲ್ಲ. ಆರತಕ್ಷತೆ ಶುರುವಾಗಲು ಅರ್ಧ ಗಂಟೆ ಇತ್ತು. ಸುತ್ತ ಫೋಮ್ ಬಿಗಿಯಾಗಿ ಕಚ್ಚಿಕೊಂಡಿತ್ತು, ಬೆರಳು ತೂರಿಸಲೂ ಜಾಗವಿರಲಿಲ್ಲ. ಕೊನೆಗೆ ಇಬ್ಬರು ಸೇರಿ ಪೆಟ್ಟಿಗೆಯನ್ನೇ ಬೋರಲು ಹಿಡಿದು, ಕೆಳಗೆ ದಿಂಬು ಇಟ್ಟು, ತಟ್ಟಿ ತಟ್ಟಿ ಬೀಳಿಸಿಕೊಂಡೆವು.

ಅಂದಿನಿಂದ ಪೆಟ್ಟಿಗೆಯನ್ನು ಒಳಗಿನಿಂದ ಹೊರಗೆ ಕಟ್ಟುತ್ತೇನೆ. ಮೊದಲು ಸಾಮಾನು, ಆಮೇಲೆ ಫೋಮ್, ಕೊನೆಗೆ ಪ್ಲೈವುಡ್. ಬಡಗಿಯ ಹತ್ತಿರ ಹೋದರೂ ಕಂಟ್ರೋಲರ್ ಅಳತೆ ಕೊಡಬೇಡಿ, ಫೋಮ್ ಸೇರಿಸಿದ ಅಳತೆ ಕೊಡಿ.

ಇಂಥ ಪೆಟ್ಟಿಗೆಗೆ ಫ್ಲೈಟ್ ಕೇಸ್ ಅಂತ ಹೆಸರು ಬಂದಿದ್ದು ವಿಮಾನದಿಂದಲೇ. ಅಮೆರಿಕದ ಏರ್ ಟ್ರಾನ್ಸ್‌ಪೋರ್ಟ್ ಅಸೋಸಿಯೇಷನ್ ಮಾಡಿದ ‘ಸ್ಪೆಕ್ 300’ ಎಂಬ ನಿಯಮದ ಪ್ರಕಾರ, ಮೊದಲ ದರ್ಜೆಯ ಪೆಟ್ಟಿಗೆ ಕನಿಷ್ಠ 100 ಸಲ ಹೋಗಿ ಬರುವಷ್ಟು ಗಟ್ಟಿ ಇರಬೇಕು. ನಮ್ಮದು ವಿಮಾನ ಹತ್ತಲ್ಲ, ಟಾಟಾ ಏಸ್ ಹತ್ತುತ್ತದೆ. ದಾರಿಯ ಹಂಪ್‌ಗಳನ್ನು ಲೆಕ್ಕ ಹಾಕಿದರೆ ಅದೇನು ಸಣ್ಣ ಪರೀಕ್ಷೆಯಲ್ಲ.

ಅಳತೆ

ಹೊಸಬರು ಜಾಸ್ತಿ ಕೊಳ್ಳುವ ಪಯೋನೀರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಅನ್ನೇ ತೆಗೆದುಕೊಳ್ಳೋಣ. ಉದ್ದ 483, ಅಗಲ 272, ಎತ್ತರ 59 ಮಿ.ಮೀ. ತೂಕ 2.1 ಕೆ.ಜಿ. ನಾಲ್ಕೂ ಬದಿಗೆ 25 ಮಿ.ಮೀ. ಫೋಮ್ ಇಟ್ಟರೆ ಒಳಗಿನ ಅಳತೆ 533 × 322 ಆಗುತ್ತದೆ. ಎತ್ತರಕ್ಕೆ ತಳದಲ್ಲಿ 25, ಮುಚ್ಚಳದಲ್ಲಿ 25 ಸೇರಿಸಿ, ಸುಮಾರು 110. ಬೇರೆ ಮಾಡೆಲ್ ಆದರೆ ಡಬ್ಬದ ಮೇಲಿನ ಅಂಕಿ ನಂಬದೆ ಟೇಪ್ ಹಿಡಿಯಿರಿ. ನಾಬ್‌ನ (ತಿರುಗಿಸುವ ಗುಂಡಿ) ತುದಿವರೆಗೂ ಅಳೆಯಿರಿ. ಹಿಂದೆ ಕೇಬಲ್ ಚುಚ್ಚಿಕೊಂಡೇ ಒಯ್ಯುವ ಅಭ್ಯಾಸವಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ಪೆಟ್ಟು ಬಿದ್ದಾಗ ಮೊದಲು ಹೋಗುವುದು ಆ ಸಾಕೆಟ್ಟೇ.

ಪ್ಲೈವುಡ್

12 ಮಿ.ಮೀ. ಹಾಕಿದರೆ ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಎತ್ತಿ ನೋಡಿದ ಮೇಲೆ ಹಾಗೆ ಹೇಳಲ್ಲ. ಮೇಲಿನ ಅಳತೆಗೆ 9 ಮಿ.ಮೀ. ಪ್ಲೈ ಹಾಕಿದರೇ ಬರೀ ಮರದ ತೂಕ ಮೂರೂವರೆ ಕೆ.ಜಿ. ಹತ್ತಿರ ಬರುತ್ತದೆ. ಅಂದರೆ ಒಳಗಿರುವ ಸಾಮಾನಿಗಿಂತ ಪೆಟ್ಟಿಗೆಯೇ ಭಾರ. ಕಂಟ್ರೋಲರ್‌ಗೆ 6 ಸಾಕು. ಮಿಕ್ಸರ್, ಆಂಪ್ಲಿಫೈಯರ್ ಇಡುವುದಾದರೆ ಮಾತ್ರ 9 ತನ್ನಿ.

ಮುಚ್ಚಳ, ತಳ ಬೇರೆ ಬೇರೆ ಮಾಡಿ ಕೂಡಿಸಲು ಹೋದರೆ ಎರಡೂ ಎಂದೂ ಸರಿಯಾಗಿ ಕೂರಲ್ಲ. ಬಡಗಿಗಳ ಹಳೆಯ ಉಪಾಯ ಒಂದಿದೆ. ಆರೂ ಕಡೆ ಮುಚ್ಚಿದ ಒಂದೇ ಪೆಟ್ಟಿಗೆ ಮಾಡಿ, ಫೆವಿಕಾಲ್ ಒಣಗಿದ ಮೇಲೆ ಗರಗಸ ಹಾಕಿ ಸುತ್ತ ಸೀಳಿ ಎರಡು ಮಾಡುವುದು. ಗರಗಸ ಸುಮಾರು 3 ಮಿ.ಮೀ. ತಿನ್ನುತ್ತದೆ, ಅಷ್ಟನ್ನು ಎತ್ತರಕ್ಕೆ ಮೊದಲೇ ಸೇರಿಸಿ. ಸೀಳುವ ಗೆರೆಯನ್ನು ಮೊಳೆ ಹೊಡೆಯುವ ಮುಂಚೆಯೇ ಪೆನ್ಸಿಲ್‌ನಲ್ಲಿ ಎಳೆದಿರಬೇಕು. ಗೆರೆಯ ಮೇಲೆ ಒಂದೇ ಒಂದು ಮೊಳೆ ಇದ್ದರೂ ಬ್ಲೇಡ್ ಹೋಯಿತು. ಅಂಟಿಸುವಾಗ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪ್ ಹಿಡಿದು ನೋಡಿ. ಎರಡೂ ಒಂದೇ ಬಂದರೆ ಪೆಟ್ಟಿಗೆ ನೇರ ಇದೆ ಅಂತ ಅರ್ಥ.

ಅಂಚಿಗೆ ಅಲ್ಯೂಮಿನಿಯಂ ಆಂಗಲ್, ಮೂಲೆಗೆ ಉಕ್ಕಿನ ಗುಂಡು ಕಾರ್ನರ್. ಬೆಂಗಳೂರಿನವರಿಗೆ ಇವು ಕಲಾಸಿಪಾಳ್ಯದ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಬೇರೆ ಊರಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವವರನ್ನು ಕೇಳಿ, ಚೂರು ಪಾರು ಆಂಗಲ್ ಅವರ ಹತ್ತಿರ ಬಿದ್ದಿರುತ್ತದೆ. ಕೂರಿಸಲು 4.8 ಮಿ.ಮೀ. ಪಾಪ್ ರಿವೆಟ್ (ಗನ್ನಿನಿಂದ ಒತ್ತಿ ಕೂರಿಸುವ ಲೋಹದ ಮೊಳೆ), ತೂತಿಗೆ 5ರ ಡ್ರಿಲ್ ಬಿಟ್. ಹಿಡಿ ಮತ್ತು ಲಾಚ್ (ಮುಚ್ಚಳ ಬಿಗಿಯುವ ಕೊಂಡಿ) ಇರುವ ಕಡೆ ಒಳಗಿನಿಂದ ವಾಷರ್ ಹಾಕಲೇಬೇಕು. ಇಲ್ಲದಿದ್ದರೆ ನಾಲ್ಕು ಸಲ ಎತ್ತುವಷ್ಟರಲ್ಲಿ ರಿವೆಟ್ ಪ್ಲೈ ಕಿತ್ತುಕೊಂಡು ಬರುತ್ತದೆ. ಲಾಚ್ ಕೂರಿಸುವಾಗ ಮುಚ್ಚಳ ಮತ್ತು ತಳವನ್ನು ಬಿಗಿಯಾಗಿ ಒತ್ತಿ ಹಿಡಿದು ಗುರುತು ಹಾಕಿ. ನಡುವೆ ಸಂದು ಉಳಿದಿದ್ದರೆ ಆಮೇಲೆ ಲಾಚ್ ಸಡಿಲವಾಗುತ್ತದೆ.

ಫೋಮ್

ಕೆಲಸವೆಲ್ಲ ಇರುವುದು ಇಲ್ಲಿ. ಸೋಫಾ ಫೋಮ್ ಬೇಡ. ಅದು ಪಿಯು ಫೋಮ್, ತೇವ ಹೀರುತ್ತದೆ, ಕೆಲವು ವರ್ಷ ಕಳೆದರೆ ಪುಡಿಯಾಗಿ ಅಂಟಂಟಾಗುತ್ತದೆ. ಮಂಗಳೂರು, ಕಾರವಾರದ ಕಡೆಯ ಸೆಕೆಯಲ್ಲಿ ಇನ್ನೂ ಬೇಗ. ಥರ್ಮಾಕೋಲ್ ಅಂತೂ ಬೇಡವೇ ಬೇಡ. ಅದರ ಕಾಳು ಫೇಡರ್ (ದನಿ ಏರಿಸಿ ಇಳಿಸಲು ಜಾರಿಸುವ ಗುಂಡಿ) ಸಂದಿಗೆ ಹೋದರೆ ಸೂಜಿ ಹಿಡಿದು ಕೂರಬೇಕಾಗುತ್ತದೆ. ಪಿಇ ಅಥವಾ ಇವಿಎ ಫೋಮ್ ಕೇಳಿ ತನ್ನಿ, ಅವು ನೀರು ಹೀರುವುದಿಲ್ಲ.

ಆದರೆ ಇವು ಗಟ್ಟಿ. ಎರಡು ಕೆ.ಜಿ. ಸಾಮಾನನ್ನು ದಪ್ಪ ಇವಿಎ ಹಾಳೆಯ ಮೇಲೆ ಇಟ್ಟರೆ ಫೋಮ್ ಒಂದಿಷ್ಟೂ ತಗ್ಗುವುದಿಲ್ಲ, ಕಲ್ಲಿನ ಮೇಲೆ ಇಟ್ಟ ಹಾಗೇ. ಅದಕ್ಕೇ ತಳದಲ್ಲಿ ಪೂರ್ತಿ ಹಾಳೆ ಹಾಸದೆ, ಎರಡು ಬೆರಳಗಲದ ಪಟ್ಟಿಗಳನ್ನು ಸಂದು ಬಿಟ್ಟು ಅಂಟಿಸಿ. ಭಾರವೆಲ್ಲ ಕಡಿಮೆ ಜಾಗದ ಮೇಲೆ ಕೂತಾಗ ಫೋಮ್ ಒತ್ತಿಕೊಂಡು ಪೆಟ್ಟು ನುಂಗುತ್ತದೆ.

ಬದಿಯ ಪಟ್ಟಿಗಳನ್ನು ಒಂದೆರಡು ಮಿ.ಮೀ. ಉದ್ದವೇ ಕತ್ತರಿಸಿ, ಒತ್ತಿ ತೂರಿಸಿದರೆ ತಾವೇ ನಿಲ್ಲುತ್ತವೆ. ಕತ್ತರಿಸಲು ಬ್ರೆಡ್ ಚಾಕುವೇ ವಾಸಿ. ಎಡಬಲ ಎರಡೂ ಕಡೆ ನಾಲ್ಕು ಬೆರಳು ಇಳಿಯುವಷ್ಟು ಅರ್ಧಚಂದ್ರ ಕೊರೆಯಿರಿ. ನನ್ನ ಹಾಗೆ ದಿಂಬು ಹುಡುಕುವುದು ಬೇಡವೆಂದರೆ ತಳದಲ್ಲಿ ಅಡ್ಡಲಾಗಿ ಒಂದು ಹಳೆಯ ಬ್ಯಾಗಿನ ಪಟ್ಟಿಯನ್ನೂ ಹಾಸಿ. ತುದಿ ಹಿಡಿದು ಎಳೆದರೆ ಕಂಟ್ರೋಲರ್ ಸಲೀಸಾಗಿ ಮೇಲೆ ಬರುತ್ತದೆ.

ಮುಚ್ಚಳದ ಫೋಮ್ ಚೌಕಟ್ಟಿನಂತಿರಲಿ, ನಡುವೆ ಖಾಲಿ. ಕಂಟ್ರೋಲರ್‌ನ ಅಂಚನ್ನಷ್ಟೇ ಅದು ಒತ್ತಬೇಕು. ನಾಬ್, ಫೇಡರ್, ಜಾಗ್ ವೀಲ್ (ಕೈಯಿಂದ ತಿರುಗಿಸುವ ದೊಡ್ಡ ಚಕ್ರ) ಯಾವುದನ್ನೂ ಮುಟ್ಟಬಾರದು. ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲು ನಾಬ್‌ಗಳ ತಲೆಗೆ ಸೀಮೆಸುಣ್ಣ ಸವರಿದ ಸಣ್ಣ ಕಾಗದದ ಚೂರು ಇಟ್ಟು, ಮುಚ್ಚಿ, ತೆಗೆದು ನೋಡಿ. ಫೋಮ್‌ಗೆ ಬಿಳಿ ಹತ್ತಿದ್ದರೆ ಅಲ್ಲಿ ಇನ್ನಷ್ಟು ಕೊರೆಯಬೇಕು.

ಅಂಟಿಗೆ ಫೆವಿಕಾಲ್ ಎಸ್‌ಆರ್ ತರಹದ ರಬ್ಬರ್ ಅಂಟು. ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಒತ್ತಿದ ಮೇಲೆ ಸರಿಸಲು ಆಗಲ್ಲ, ನೋಡಿಕೊಂಡು ಒತ್ತಿ. ಕಿಟಕಿ ತೆರೆದಿರಲಿ, ವಾಸನೆ ಜೋರು. ಆ ವಾಸನೆ ಹೋಗುವವರೆಗೆ ಪೆಟ್ಟಿಗೆಯನ್ನು ಬಾಯಿ ತೆರೆದು ಒಂದೆರಡು ದಿನ ಬಿಡಿ.

ಅಲುಗಾಡಿಸಿ ನೋಡಿ

ಮೊದಲ ಸಲ ನಿಜವಾದ ಸಾಮಾನು ಇಡಬೇಡಿ. ಅದೇ ಅಳತೆಯ ಹಲಗೆಗೆ ಎರಡು ಕೆ.ಜಿ. ಬರುವಷ್ಟು ಏನಾದರೂ ಕಟ್ಟಿ ಒಳಗಿಡಿ. ಲಾಚ್ ಹಾಕಿ ಕಿವಿಯ ಹತ್ತಿರ ಜೋರಾಗಿ ಅಲುಗಾಡಿಸಿ. ‘ಟಕ್’ ಅಂದರೆ ಎಲ್ಲೋ ಸಡಿಲ ಇದೆ. ಆಮೇಲೆ ಮೊಣಕಾಲೆತ್ತರದಿಂದ ಹಾಸಿಗೆಯ ಮೇಲೆ ಬೀಳಿಸಿ, ತೆಗೆದು ನೋಡಿ.

ಮುಚ್ಚಳದ ಮೇಲೆ ‘ಈ ಕಡೆ ಮೇಲೆ’ ಅಂತ ದೊಡ್ಡದಾಗಿ ಹಳದಿ ಪೇಂಟಿನಲ್ಲಿ ಬರೆಯಿರಿ. ರಾತ್ರಿ ಒಂದು ಗಂಟೆಗೆ ಮಂಟಪ ಖಾಲಿ ಮಾಡುವಾಗ ಲೈಟ್ ಮೊದಲೇ ಆರಿಸಿರುತ್ತಾರೆ. ಗಾಡಿಗೆ ಏರಿಸುವ ಹುಡುಗರಿಗೆ ಎಲ್ಲ ಕಪ್ಪು ಪೆಟ್ಟಿಗೆಯೂ ಸ್ಪೀಕರ್ ಥರವೇ ಕಾಣುತ್ತದೆ.