ಗ್ರಂಥಾಲಯದ ಸರ್ವರ್‌ಗೆ ಕನ್ನಡ ಹುಡುಕಲು ಕಲಿಸಿದ ಬಗೆ

ನಾನು ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕ. ನಮ್ಮ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳೇ ಹೆಚ್ಚು. ಆದ್ದರಿಂದ ವಿದ್ಯಾರ್ಥಿಯೊಬ್ಬರು ಕನ್ನಡದಲ್ಲಿ ಶೀರ್ಷಿಕೆಯನ್ನು ಬರೆದು ಹುಡುಕಿದರೆ ಪುಸ್ತಕ ಸಿಗಬೇಕು, ಸಿಗದಿದ್ದರೆ ಅದರ ಕಾರಣವನ್ನು ತಂತ್ರಾಂಶದ ಒಳಗಿಳಿದು ನೋಡಿ ಸರಿಪಡಿಸುವ ಸ್ವಾತಂತ್ರ್ಯ ನಮಗಿರಬೇಕು ಎಂಬ ಬೇಡಿಕೆಯನ್ನಿಟ್ಟುಕೊಂಡೇ ನಾನು ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶವನ್ನು ಆರಿಸಿಕೊಂಡೆ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್ ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟಲಾರದೆಂದು ಮಾಡಿಸಿಕೊಂಡು, ಆ ವರ್ಷದ ಜನವರಿಯಲ್ಲಿ ಬಳಕೆಗೆ ತಂದ ಈ ತಂತ್ರಾಂಶವು ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಡಿ ಎಲ್ಲರಿಗೂ ದೊರೆಯುತ್ತದೆ.

ಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಾಲೇಜಿನಲ್ಲಿದ್ದ ಒಂದು ಡೆಸ್ಕ್‌ಟಾಪ್ ಗಣಕಕ್ಕೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿ, ಕೋಹಾ ಸಮುದಾಯವೇ ನಡೆಸುವ ಪ್ಯಾಕೇಜ್ ಭಂಡಾರವನ್ನು ಸೇರಿಸಿಕೊಂಡರೆ ವೆಬ್ ಸರ್ವರ್ ಅಪಾಚೆ, ಹುಡುಕಾಟದ ತಂತ್ರಾಂಶ ಜೀಬ್ರಾ ಮುಂತಾದವು ಕ್ರಮವಾಗಿ ಬಂದು ಕೂರುತ್ತವೆ. ನಿಜವಾದ ಕೆಲಸ ಆರಂಭವಾದದ್ದು ಹಳೆಯ ದತ್ತಾಂಶವನ್ನು ಒಳಗೆ ತರುವಾಗ.

ನಮ್ಮ ಹಳೆಯ ಪುಸ್ತಕಪಟ್ಟಿ ಎಕ್ಸೆಲ್ ಕಡತಗಳಲ್ಲಿ, ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿತ್ತು. ಆ ಫಾಂಟನ್ನು ತೆಗೆದರೆ ಕನ್ನಡದ ಜಾಗದಲ್ಲಿ ಯೂರೋಪಿನ ಅಕ್ಷರಗಳ ಸಾಲುಗಳಷ್ಟೇ ಉಳಿಯುತ್ತವೆ. ಇದನ್ನು ಯೂನಿಕೋಡ್‌ಗೆ ಪರಿವರ್ತಿಸಲು ಕನ್ನಡದ ಮುಕ್ತ ತಂತ್ರಾಂಶದ ಗೆಳೆಯರು ಬರೆದು ಹಂಚಿರುವ ಪೈಥಾನ್ ಪ್ರೋಗ್ರಾಮುಗಳಿವೆ. ಅವುಗಳಲ್ಲೊಂದನ್ನು ಆಧಾರವಾಗಿಟ್ಟುಕೊಂಡು, ಸಾಲುಸಾಲಾಗಿ ಓದಿ, ನಮ್ಮ ಪಟ್ಟಿಗೆ ಹೊಂದಿಸಿಕೊಂಡೆ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ಮೊದಲು ಸೂ, ಆಮೇಲೆ ಯ, ಕೊನೆಯಲ್ಲಿ ಅರ್ಕಾವೊತ್ತು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ರಕಾರ ಮತ್ತು ಹಲಂತ ಯಕಾರಕ್ಕಿಂತ ಮುಂಚೆ ಬರಬೇಕು. ಇನ್ನೂ ಸೂಕ್ಷ್ಮವಾದದ್ದು ‘ನೀರು’ ಎಂಬಂಥ ಪದಗಳ ಪಾಡು. ಹಳೆಯ ಫಾಂಟಿನಲ್ಲಿ ಗುಡಿಸು ಬೇರೆ, ದೀರ್ಘದ ಚಿಹ್ನೆ ಬೇರೆ. ಪರಿವರ್ತನೆಯ ನಂತರವೂ ಅವು ಎರಡಾಗಿಯೇ ಉಳಿದರೆ ಪರದೆಯ ಮೇಲೆ ‘ನೀ’ ಸರಿಯಾಗಿಯೇ ಕಾಣುತ್ತದೆ; ಆದರೆ ಕೀಲಿಮಣೆಯಿಂದ ಬರುವ ‘ನೀ’ಯಲ್ಲಿ ಗುಡಿಸಿನ ದೀರ್ಘಕ್ಕೆ ಒಂದೇ ಸಂಕೇತವಿರುವುದರಿಂದ ಗಣಕಕ್ಕೆ ಅವೆರಡೂ ಬೇರೆಬೇರೆ ಪದಗಳಾಗುತ್ತವೆ. ಪ್ರತಿಯೊಂದು ದಾಖಲೆಯನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣಕ್ಕೆ ಒಳಪಡಿಸಿದ ಮೇಲೆಯೇ ನಾನು ಪೈಮಾರ್ಕ್ ಎಂಬ ಪೈಥಾನ್ ಸಲಕರಣೆಯನ್ನು ಬಳಸಿ, ಗ್ರಂಥಾಲಯಗಳು ಪುಸ್ತಕದ ವಿವರಗಳನ್ನಿಡುವ ಮಾರ್ಕ್ 21 ಮಾದರಿಯ ಕಡತಗಳನ್ನು ಮಾಡಿದೆ. ಹಳೆಯ ಪಟ್ಟಿಯಿಂದ ಕೋಹಾಗೆ ಬರುವ ಎಲ್ಲ ಕನ್ನಡ ಗ್ರಂಥಾಲಯಗಳೂ ಈ ಹೆಜ್ಜೆಯನ್ನು ಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಉಳಿದ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ದತ್ತಾಂಶ ಶುದ್ಧವಾದ ಮೇಲೂ ಹುಡುಕಾಟ ತೃಪ್ತಿಕರವಾಗಿರಲಿಲ್ಲ. ಜೀಬ್ರಾ ಸೂಚಿಯನ್ನು ಕಟ್ಟುವಾಗ ಮೂಲ ಹೊಂದಾಣಿಕೆಯಲ್ಲಿ ಅಕ್ಷರಗಳ ಒಂದು ನಕ್ಷೆಯನ್ನು ಬಳಸುತ್ತದೆ; ಆ ನಕ್ಷೆ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಇದಕ್ಕೆ ಪರಿಹಾರ ಜೀಬ್ರಾದೊಳಗೇ ಇದೆ. ಸೂಚಿಯ ನಿಯಮಗಳಿರುವ ಕಡತದಲ್ಲಿ ಅಕ್ಷರನಕ್ಷೆಯ ಸಾಲುಗಳನ್ನು ತೆಗೆದು, ಯೂನಿಕೋಡ್ ಪಠ್ಯವನ್ನು ನಿಭಾಯಿಸುವ ಐಸಿಯು ಎಂಬ ತಂತ್ರಾಂಶದ ನಿಯಮಗಳ ಸರಪಳಿಯ ಸಾಲುಗಳನ್ನು ಹಾಕಿ, ಸೂಚಿಯನ್ನು ಪೂರ್ತಿಯಾಗಿ ಮತ್ತೆ ಕಟ್ಟಿಸಬೇಕು. ಐಸಿಯು ಯೂನಿಕೋಡ್‌ನ ನಿಯಮಗಳ ಪ್ರಕಾರವೇ ಪದಗಳನ್ನು ಬಿಡಿಸುವುದರಿಂದ ಒತ್ತಕ್ಷರಗಳಿರುವ ಪದಗಳೂ ಇಡಿಯಾಗಿ ಸೂಚಿಗೆ ಸೇರುತ್ತವೆ.

ಆದರೂ ‘ರಾಜ್‌ಕುಮಾರ್’ ಎಂದು ಹುಡುಕಿದಾಗ ಕೆಲವು ಪುಸ್ತಕಗಳು ಮಾತ್ರ ಬರುತ್ತಿದ್ದವು. ಜಕಾರವು ಕಕಾರದೊಡನೆ ಒತ್ತಕ್ಷರವಾಗದಿರಲೆಂದು ಅವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತೇವೆ. ಕೆಲವರು ಅದನ್ನು ಬೆರಳಚ್ಚಿಸುತ್ತಾರೆ, ಕೆಲವರು ಬಿಡುತ್ತಾರೆ. ಐಸಿಯು ಸರಪಳಿಯಲ್ಲಿ ನಿಯಂತ್ರಣ ಸಂಕೇತಗಳನ್ನು ಅಳಿಸುವ ಒಂದು ನಿಯಮ ಮೊದಲೇ ಇದೆಯಾದರೂ, ಈ ಸಂಕೇತವನ್ನು ಯೂನಿಕೋಡ್ ನಿಯಂತ್ರಣದ ಗುಂಪಿನಲ್ಲಿ ಇಡದೆ ವಿನ್ಯಾಸದ ಗುಂಪಿನಲ್ಲಿ ಇಟ್ಟಿರುವುದರಿಂದ ಆ ಜರಡಿಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ನಾನು ಸೇರಿಸಿದ್ದು ಒಂದೇ ಸಾಲು: ಜೋಡಿಸುವ ಮತ್ತು ಬಿಡಿಸುವ ಶೂನ್ಯ ಅಗಲದ ಸಂಕೇತಗಳೆರಡನ್ನೂ ಸೂಚಿಯಿಂದ ಕಳೆಯುವ ನಿಯಮ. ಹುಡುಕುವವರು ಬರೆದ ಪದಕ್ಕೂ ಅದೇ ಸರಪಳಿ ಅನ್ವಯವಾಗುವುದರಿಂದ ಎರಡು ಬಗೆಯ ಬರವಣಿಗೆಗೂ ಒಂದೇ ಉತ್ತರ ಬರತೊಡಗಿತು. ದಾಖಲೆಯಲ್ಲಿರುವ ಮೂಲ ಬರವಣಿಗೆ ಹಾಗೆಯೇ ಉಳಿಯುತ್ತದೆ. ಗ್ರಂಥಪಾಲಕನಾಗಿ ಇಷ್ಟು ಸಂತೋಷ ಕೊಟ್ಟ ಕೆಲಸ ನನ್ನ ಪಾಲಿಗೆ ಬೇರೊಂದಿಲ್ಲ.

ಇದನ್ನು ಕೋಹಾದ ಮೂಲ ಹೊಂದಾಣಿಕೆಗೇ ಸೇರಿಸಬಹುದಲ್ಲವೇ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಪಾರ್ಸಿ, ಮಲಯಾಳಂ ಮುಂತಾದ ಬರಹಗಳಲ್ಲೂ ಈ ಸಂಕೇತಗಳು ಬಳಕೆಯಲ್ಲಿವೆ. ನಮಗೆ ಅನುಕೂಲವಾದದ್ದನ್ನು ಎಲ್ಲರ ಮೇಲೂ ಹೊರಿಸುವುದು ಸರಿಯಲ್ಲವೆಂದು ತೋರಿದ್ದರಿಂದ, ಅದನ್ನು ಕನ್ನಡ ಗ್ರಂಥಾಲಯಗಳಿಗಾಗಿ ವಿವರವಾದ ಟಿಪ್ಪಣಿಯ ರೂಪದಲ್ಲಿ ಬರೆದು ಹಂಚಿಕೊಂಡೆ. ಸಮುದಾಯಕ್ಕೆ ನಾನು ಸಲ್ಲಿಸುವ ಕೆಲಸ ಬೇರೆಯದು. ಕೋಹಾದಲ್ಲಿ ಯಾರೇ ತಿದ್ದುಪಡಿಯನ್ನು ಕಳುಹಿಸಿದರೂ ಬೇರೊಬ್ಬರು ಅದನ್ನು ಓಡಿಸಿ ನೋಡಿ ಒಪ್ಪಿಗೆ ಕೊಡಬೇಕು, ಆಮೇಲೆ ಗುಣಮಟ್ಟದ ತಂಡವು ಪರಿಶೀಲಿಸಬೇಕು. ಪರೀಕ್ಷಿಸಲು ಸ್ಯಾಂಡ್‌ಬಾಕ್ಸ್ ಎಂಬ ತಾತ್ಕಾಲಿಕ ಸರ್ವರುಗಳಿರುವುದರಿಂದ ಪ್ರೋಗ್ರಾಮಿಂಗ್ ಬಾರದ ಗ್ರಂಥಪಾಲಕರೂ ಇದನ್ನು ಮಾಡಬಹುದು. ಬಿಡುವಿನ ಸಂಜೆಗಳಲ್ಲಿ ನಾನು ಹೀಗೆ ಪರೀಕ್ಷಿಸುತ್ತೇನೆ, ಕನ್ನಡ ಅನುವಾದದ ಸಾಲುಗಳನ್ನು ತಿದ್ದುತ್ತೇನೆ.

ಸರ್ವರಿನ ನಿತ್ಯದ ಪಾಲನೆಯಲ್ಲಿ ಎರಡು ವಿಷಯಗಳಿಗೆ ನಾನು ಹೆಚ್ಚು ಗಮನ ಕೊಡುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ವಿದ್ಯುತ್ ಆಗಾಗ ಹೋಗುವುದರಿಂದ, ಕೋಹಾ ದಿನವೂ ತಾನಾಗಿ ಮಾಡಿಡುವ ಬ್ಯಾಕಪ್ ಕಡತವನ್ನು ಬೇರೊಂದು ಗಣಕಕ್ಕೆ ನಕಲು ಮಾಡಿಸುತ್ತೇನೆ ಮತ್ತು ಆಗೊಮ್ಮೆ ಈಗೊಮ್ಮೆ ಅದರಿಂದ ಇಡೀ ವ್ಯವಸ್ಥೆಯನ್ನು ಮರಳಿ ಎಬ್ಬಿಸಿ ನೋಡುತ್ತೇನೆ. ಕೋಹಾದ ಹೊಸ ಆವೃತ್ತಿಗಳು ಮೇ ಮತ್ತು ನವೆಂಬರಿನಲ್ಲಿ ಬರುತ್ತವೆ. ಆಗ ಮೂಲ ಪ್ಯಾಕೇಜಿನ ಹೊಂದಾಣಿಕೆಯ ಕಡತವೂ ಬದಲಾಗಿದ್ದರೆ, ನಾವು ತಿದ್ದಿದ್ದನ್ನು ಉಳಿಸಬೇಕೇ, ಹೊಸದನ್ನು ಹಾಕಬೇಕೇ ಎಂದು ಡೆಬಿಯನ್ ಕೇಳುತ್ತದೆ. ಉಳಿಸಿಕೊಳ್ಳುವಂತೆ ಹೇಳಿ, ಎರಡೂ ಕಡತಗಳ ವ್ಯತ್ಯಾಸವನ್ನು ಓದಿ, ಬೇಕಾದ ಸಾಲುಗಳನ್ನಷ್ಟೇ ಕೈಯಾರೆ ಸೇರಿಸುತ್ತೇನೆ. ಇಲ್ಲವಾದರೆ ಐಸಿಯು ಸಾಲುಗಳು ಅಳಿಸಿಹೋಗುತ್ತವೆ.

ಈಗ ಕೈಗೆತ್ತಿಕೊಂಡಿರುವುದು ಲೇಖಕರ ಹೆಸರುಗಳ ಪ್ರಾಧಿಕೃತ ದಾಖಲೆಗಳನ್ನು. ಮಾರ್ಕ್‌ನ 100ನೇ ಕ್ಷೇತ್ರದಲ್ಲಿ ‘ಕುವೆಂಪು’ ಎಂದೂ 400ನೇ ಕ್ಷೇತ್ರದಲ್ಲಿ ‘ಕೆ. ವಿ. ಪುಟ್ಟಪ್ಪ’ ಎಂದೂ ನಮೂದಿಸಿ, ಇಂಥ ಪರ್ಯಾಯ ಹೆಸರುಗಳನ್ನೂ ಹುಡುಕಾಟಕ್ಕೆ ಸೇರಿಸುವ ಆಯ್ಕೆಯನ್ನು ಕೋಹಾದಲ್ಲಿ ಚಾಲನೆಗೊಳಿಸಿದರೆ, ಯಾವ ಹೆಸರಿನಿಂದ ಹುಡುಕಿದರೂ ಅದೇ ಪುಸ್ತಕಗಳು ಸಿಗುತ್ತವೆ. ಕಾವ್ಯನಾಮಗಳು ತುಂಬಿರುವ ನಮ್ಮ ಸಾಹಿತ್ಯಕ್ಕೆ ಈ ಕಡತ ದೊಡ್ಡದಾಗಿಯೇ ಬೆಳೆಯಬೇಕಾಗಿದೆ. ಅದನ್ನು ಬೇರೆ ಗ್ರಂಥಾಲಯಗಳು ನೇರವಾಗಿ ಆಮದು ಮಾಡಿಕೊಳ್ಳಬಹುದಾದ ಮಾರ್ಕ್ ರೂಪದಲ್ಲಿಯೇ ಸಿದ್ಧಪಡಿಸುತ್ತಿದ್ದೇನೆ.