ಗಂಡಸರಿಗೆ ಹಾಕಿದ ಕ್ಯಾಥೆಟರ್: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ

ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿಕೊಂಡವರನ್ನು ಆಸ್ಪತ್ರೆಯವರು ಎಷ್ಟೋ ಸಲ ಮೂತ್ರ ಹೊರಹರಿಸುವ ಪೈಪ್ (ಕ್ಯಾಥೆಟರ್) ಸಮೇತ ಮನೆಗೆ ಕಳಿಸುತ್ತಾರೆ. ಆ ಪೈಪ್ ಒಳಗೆ ಎಲ್ಲಿ ಹಾದುಹೋಗಿದೆ ಎಂದು ತಿಳಿದರೆ ಆರೈಕೆಯ ಅರ್ಧ ಗೊಂದಲ ತೀರುತ್ತದೆ.

ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ. ಶಿಶ್ನದ ತುದಿಯಿಂದ ಹೊರಟು, ವೃಷಣಚೀಲದ ಹಿಂದೆ ಬಾಗಿ, ಪ್ರಾಸ್ಟೇಟ್ ಗ್ರಂಥಿಯ ನಡುವೆ ತೂರಿ ಮೂತ್ರಕೋಶ ಸೇರುತ್ತದೆ. ಪೈಪ್ ಜಾರದಂತೆ ಹಿಡಿದಿರುವುದು ಮೂತ್ರಕೋಶದೊಳಗೆ ಉಬ್ಬಿಸಿದ ಪುಟ್ಟ ಬಲೂನು. ಸಾಮಾನ್ಯವಾಗಿ 10 ಮಿ.ಲೀ. ನೀರು ತುಂಬಿರುತ್ತಾರೆ. ನೀರು ತೆಗೆಯದೆ ಎಳೆದರೆ ನಾಳ ಹರಿದು ರಕ್ತ ಬರುತ್ತದೆ. ಅದಕ್ಕೇ ಪೈಪನ್ನು ತೊಡೆಗೋ ಕಿಬ್ಬೊಟ್ಟೆಗೋ ಸ್ವಲ್ಪ ಸಡಿಲ ಬಿಟ್ಟು ಪ್ಲಾಸ್ಟರ್ ಹಾಕಿ. ಅಂಟಿಸುವ ಜಾಗ ಆಗಾಗ ಬದಲಿಸದಿದ್ದರೆ ಚರ್ಮ ಕೆಡುತ್ತದೆ.

ದಿನಕ್ಕೆರಡು ಸಲ ಕೈ ತೊಳೆದುಕೊಂಡು, ಸಾದಾ ಸೋಪು ನೀರಿನಿಂದ ಶಿಶ್ನದ ತುದಿ, ಪೈಪ್ ಎರಡನ್ನೂ ಒರೆಸಿ. ಒರೆಸುವ ದಿಕ್ಕು ಯಾವಾಗಲೂ ಶಿಶ್ನದ ತುದಿಯಿಂದ ಹೊರಮುಖವಾಗಿರಲಿ. ತಿರುಗಾಮುರುಗ ಉಜ್ಜಿದರೆ ಕೊಳೆ ಒಳಗೇ ಸೇರುತ್ತದೆ. ಡೆಟಾಲ್, ಪೌಡರ್ ಬೇಡ. ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ತೊಳೆದ ಮೇಲೆ ಮತ್ತೆ ಮುಂದಕ್ಕೆ ತರಲೇಬೇಕು. ಮನೆಯವರು ಮರೆಯುವುದೇ ಇದನ್ನು. ಹಿಂದೆಯೇ ಉಳಿದ ಚರ್ಮ ಉಂಗುರದಂತೆ ಬಿಗಿದು ತುದಿ ಊದಿಕೊಳ್ಳುತ್ತದೆ; ಆಮೇಲೆ ಮುಂದಕ್ಕೆ ಬರುವುದಿಲ್ಲ. ಹಾಗಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಮೂತ್ರ ತುಂಬುವ ಬ್ಯಾಗ್ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಹಾಸಿಗೆಯಿಂದ ಎಬ್ಬಿಸುವಾಗ ಅದನ್ನು ಹೊಟ್ಟೆಯ ಮೇಲಿಟ್ಟರೆ ಹಳೆಯ ಮೂತ್ರ ವಾಪಸ್ ಹರಿಯುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ.

ಮೂರ್ನಾಲ್ಕು ತಾಸಾದರೂ ಬ್ಯಾಗಿಗೆ ಮೂತ್ರ ಬೀಳದಿದ್ದರೆ ಮೊದಲು ಪೈಪ್ ಮಡಚಿದೆಯೇ, ತೊಡೆಯಡಿ ಸಿಕ್ಕಿದೆಯೇ ನೋಡಿ. ಮಲಬದ್ಧತೆಯೂ ಕಾರಣವಾಗಬಹುದು: ಗುದನಾಳ ಮೂತ್ರಕೋಶದ ಹಿಂದೆಯೇ ಇದೆ, ಗಟ್ಟಿ ಮಲ ಅಲ್ಲಿಂದ ಒತ್ತುತ್ತದೆ. ಇವೆಲ್ಲ ಸರಿಯಿದ್ದೂ ಮೂತ್ರ ಬರದಿದ್ದರೆ, ಅಥವಾ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ, ಪೈಪ್ ಕಟ್ಟಿರಬಹುದು. ಮನೆಯಲ್ಲಿ ಸಿರಿಂಜಿನಿಂದ ನೀರು ನೂಕುವ ಸಾಹಸ ಬೇಡ, ತಕ್ಷಣ ಕರೆದೊಯ್ಯಿರಿ. ಪೈಪಿನ ಪಕ್ಕದಿಂದ ಆಗೀಗ ಸೋರುವುದು ಹೆಚ್ಚಾಗಿ ಮೂತ್ರಕೋಶಕ್ಕೆ ಸೆಳೆತ ಬರುವುದರಿಂದ; ಬ್ಯಾಗಿಗೂ ಬೀಳುತ್ತಿದ್ದರೆ ಗಾಬರಿ ಬೇಡ, ವೈದ್ಯರಿಗೆ ತಿಳಿಸಿ.

ಒಂದು ಬದಿಯ ವೃಷಣ ಊದಿ, ಕೆಂಪಾಗಿ ನೋಯುತ್ತಿದ್ದರೆ ಪೆಟ್ಟು ಬಿದ್ದಿರಬೇಕೆಂದು ಸುಮ್ಮನಾಗಬೇಡಿ. ವೀರ್ಯ ಬರುವ ನಾಳಗಳು ಪ್ರಾಸ್ಟೇಟ್ ಒಳಗೆ ಇದೇ ಮೂತ್ರನಾಳಕ್ಕೆ ತೆರೆದುಕೊಳ್ಳುತ್ತವೆ. ಸೋಂಕು ಆ ದಾರಿಯಲ್ಲಿ ಹಿಮ್ಮುಖವಾಗಿ ಇಳಿಯಬಲ್ಲದು. ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತದ ಹೆಪ್ಪು ಕಂಡರೆ ಅಂದೇ ತೋರಿಸಬೇಕು.

ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹೇಳಿಲ್ಲದಿದ್ದರೆ ದಿನಕ್ಕೆ ಸುಮಾರು 2 ಲೀಟರ್ ಕುಡಿಯಲಿ. ಪೈಪ್ ಹಾಕಿದ ತಾರೀಕು ಬರೆದಿಡಿ: ಪೂರ್ತಿ ಸಿಲಿಕಾನಿನದು ಹೆಚ್ಚೆಂದರೆ 12 ವಾರ, ಸಾದಾ ಲೇಟೆಕ್ಸಿನದು ಅದಕ್ಕಿಂತ ಬಹಳ ಕಡಿಮೆ. ಯಾವುದು ಹಾಕಿದ್ದಾರೆಂದು ಡಿಸ್ಚಾರ್ಜ್ ಆಗುವಾಗಲೇ ಕೇಳಿಕೊಳ್ಳಿ.