ಈನಕ್ ಆರ್ಡನ್‌ನ ನಿಧಾನ ಮಾಡಿದ್ಮೇಲೆ ಜನ ಅಲ್ಲಾಡ್ದೆ ಕೂತ್ರು (ನನ್ನ ಅನುಭವ)

'ಈನಕ್ ಆರ್ಡನ್' ಅನ್ನೋ 1911ರ ಮೂಕಿ ಚಿತ್ರಾನ ಇನ್ನೂ ನಿಧಾನ ಓಡಿಸ್ತೀನಿ ಅಂದಾಗ ಸಿನಿಮಾ ತೋರಿಸೋ ನಮ್ ಗುಂಪಲ್ಲಿ ಒಬ್ರೂ ಒಪ್ಪಲಿಲ್ಲ, ಜನ ನಿದ್ದೆ ಹೊಡೀತಾರೆ ಮಾರಾಯ ಅಂದ್ರು. ಇಂಗ್ಲಿಷ್ ಕವಿ ಟೆನಿಸನ್ 1864ರಲ್ಲಿ ಬರೆದ ಪದ್ಯಾನ ಅಮೆರಿಕದ ನಿರ್ದೇಶಕ ಗ್ರಿಫಿತ್ ಬಯೋಗ್ರಾಫ್ ಅನ್ನೋ ಸಿನಿಮಾ ಕಂಪನಿಗೆ ತೆಗೆದಿದ್ದು. ದ್ವೀಪದಲ್ಲಿ ಸಿಕ್ಕಿಕೊಂಡ ಗಂಡ ಈನಕ್, ವರ್ಷಗಟ್ಲೆ ಕಾದು ಕೊನೆಗೆ ಗೆಳೆಯ ಫಿಲಿಪ್‌ನ ಮದುವೆ ಆಗೋ ಆನಿ, ಕಥೆ ಇಷ್ಟೇ.

ಮೊದಲ್ನೇ ಶೋ ಪೂರ್ತಿ ತೋಪು. ಸೆಕೆಂಡಿಗೆ 24 ಫ್ರೇಮ್ ಓಡೋ ಫೈಲು, ಎರಡೂ ರೀಲ್ ಸೇರಿ 22 ನಿಮಿಷಕ್ಕೆ ಮುಗೀತು, ದಡದಲ್ಲಿ ನಿಂತು ಗಂಡನ್ನ ಕಳಿಸಿಕೊಡೋ ಆನಿ ಬಸ್ ತಪ್ಪಿಸಿಕೊಂಡೋರ ಥರ ಓಡಾಡ್ತಿದ್ಲು, ಜನ ನಕ್ಬಿಟ್ರು. ನಂಗೆ ಹೊಟ್ಟೆ ಉರೀತು, ಆನಿ ಪಾತ್ರದ ಲಿಂಡಾ ಆರ್ವಿಡ್ಸನ್ ಅಲ್ಲಿ ಎಷ್ಟು ಚೆನ್ನಾಗಿ ಮಾಡಿದಾಳೆ! ಆಮೇಲೆ ಎಡಿಟಿಂಗಲ್ಲಿ ಸ್ಲೋ ಮಾಡ್ದೆ, ಸಾಫ್ಟ್‌ವೇರ್ ಫ್ರೇಮ್‌ಗಳನ್ನ ಒಂದರೊಳಗೊಂದು ಕಲಸಿ ಎಲ್ರ ಮುಖಕ್ಕೂ ನೆರಳು ಅಂಟಿಸ್ತು, ಒಂದು ವಾರ ದಂಡ. ಹಂಗೆ ಕಲಸೋ 'ಬ್ಲೆಂಡಿಂಗ್' ಆಫ್ ಮಾಡಿ, ಒಂದು ಬಿಟ್ಟು ಒಂದು ಫ್ರೇಮ್ ಡಬಲ್ ಮಾಡಿದ್ಮೇಲೆ ಸೆಕೆಂಡಿಗೆ 16 ಫ್ರೇಮಿನ ಓಟ ಸಿಕ್ತು, 33 ನಿಮಿಷ ಆಯ್ತು. ಈಗ ಆನಿ ನಡೀತಾಳೆ.

ಮ್ಯೂಸಿಕ್ಕಲ್ಲೂ ದುಡ್ಡು ಹೋಯ್ತು. ಕೀಬೋರ್ಡ್‌ನೋರಿಗೆ ಎರಡು ಸಾವಿರ ಕೊಟ್ಟೆ, ಅವರು ಒಂದು ಕ್ಷಣಾನೂ ಕೈ ಎತ್ತಲಿಲ್ಲ. ಆಮೇಲೆ ಕಂಪನಿ ನಾಟಕಕ್ಕೆ ಲೆಗ್ ಹಾರ್ಮೋನಿಯಂ ನುಡಿಸ್ತಿದ್ದ ಮೇಷ್ಟ್ರನ್ನ ಕರ್ಕೊಂಡ್ ಬಂದೆ, ಸಾವಿರದೈನೂರು, ಬಸ್ ಚಾರ್ಜ್ ಬೇರೆ. ನಟ ಉಸಿರು ತಗೊಂಡ್ರೆ ಅವರ ಬೆರಳೂ ನಿಲ್ಲುತ್ತೆ. ವಾಪಸ್ ಬಂದ ಈನಕ್ ಕಿಟಕೀಲಿ ಇಣುಕಿ ಹೆಂಡ್ತಿಯ ಹೊಸ ಸಂಸಾರ ನೋಡ್ತಾನಲ್ಲ, ಅಲ್ಲಿ ಪೆಟ್ಟಿಗೆ ಪೂರ್ತಿ ನಿಲ್ಲಿಸ್ತೀವಿ, ತಿದಿ ಗಾಳಿ ಬಿಡೋ ಸದ್ದು ಕೇಳುತ್ತೆ ಅಷ್ಟೇ. ನಿಲ್ಲಿಸಿ ಅಂತ ಮೇಷ್ಟ್ರಿಗೆ ಯಾವ ಶಾಟಲ್ಲಿ ಸನ್ನೆ ಮಾಡ್ತೀನಿ ಅಂತ ಮಾತ್ರ ಇಲ್ಲಿ ಹೇಳಲ್ಲ, ಮೂರು ಶೋ ಹಾಳು ಮಾಡ್ಕೊಂಡು ಕಲ್ತಿದ್ದು.

ಮಧ್ಯ ಟೀ ಬ್ರೇಕೂ ಕೊಟ್ಟು ನೋಡ್ದೆ, ಯಾಕಂದ್ರೆ ಬಯೋಗ್ರಾಫ್ ಈ ಎರಡು ರೀಲನ್ನ ಜೂನ್ 12ಕ್ಕೆ ಒಂದು, 15ಕ್ಕೆ ಒಂದು ಅಂತ ಬಿಡುಗಡೆ ಮಾಡಿತ್ತು. ಬ್ರೇಕ್ ಆದ್ಮೇಲೆ ಮೂರರಲ್ಲೊಂದು ಭಾಗ ಜನ ವಾಪಸ್ ಬರ್ಲಿಲ್ಲ. ಆಗಿನ ಥಿಯೇಟರ್‌ನೋರೂ ಕೊನೆಗೆ ಎರಡನ್ನೂ ಸೇರಿಸೇ ತೋರಿಸಿದ್ದು. ಇದೇ ಪದ್ಯದಿಂದ ಗ್ರಿಫಿತ್ 1908ರಲ್ಲಿ ಮಾಡಿದ್ದ 'ಆಫ್ಟರ್ ಮೆನಿ ಇಯರ್ಸ್' ಕೂಡ ಮುಂಚೆ ಹಾಕ್ದೆ. ಹೆಂಡ್ತಿ ಮನೇಲಿ, ಗಂಡ ದ್ವೀಪದಲ್ಲಿ, ಕಥೆ ಹಿಂಗೆ ಹಾರಿ ಹಾರಿ ಹೋದ್ರೆ ಹೆಂಗೆ ಅಂತ ಕಂಪನಿಯೋರು ಕೇಳಿದ್ದಕ್ಕೆ ಗ್ರಿಫಿತ್, ಕಾದಂಬರಿಕಾರ ಡಿಕನ್ಸ್ ಬರೆಯೋದೂ ಹಂಗೇ ಅಲ್ವಾ ಅಂದಿದ್ನಂತೆ. ನಮ್ ಜನಕ್ಕೆ ಒಂದೇ ಸಲಕ್ಕೆ ಅರ್ಥ ಆಯ್ತು.

ಮೊನ್ನೆ ಐದನೇ ಶೋಗೆ ಅರವತ್ತು ಜನ ಇದ್ರೇನೋ, ಡಬ್ಬೀಲಿ ಮೂರು ಸಾವಿರದ ಚಿಲ್ರೆ ಬಿತ್ತು, ಪ್ರೊಜೆಕ್ಟರ್ ಬಾಡಿಗೆ, ಮೇಷ್ಟ್ರ ದುಡ್ಡು ಎರಡೂ ಹುಟ್ತು. ನಿದ್ದೆ ಹೊಡೀತಾರೆ ಅಂದಿದ್ದೋನೇ ಕಿಟಕಿ ಸೀನಲ್ಲಿ ಕಣ್ಣು ಒರೆಸ್ಕೊಂಡ. ಮುಂದಿನದು 1910ರ 'ದಿ ಅನ್‌ಚೇಂಜಿಂಗ್ ಸೀ', ಅದೂ ಪದ್ಯದಿಂದ ಬಂದಿದ್ದೇ, ಮೇಷ್ಟ್ರು ಆಗ್ಲೇ ಫೈಲ್ ಕಳ್ಸು ಅಂತ ಫೋನ್ ಮಾಡ್ತಿದಾರೆ.